ಮನದೊಳಗಿನ ಶಲ್ಯ

ಶಲ್ಯವೆಂದರೆ ಮುಳ್ಳು, ಬಾಣದ ಮೊನೆ. ದೇಹದಲ್ಲಿ ನಾಟಿದ್ದನ್ನು ತೆಗೆಯುವ ವಿದ್ಯೆಯನ್ನು ಆಯುರ್ವೇದವು ಶಲ್ಯತಂತ್ರವೆಂದಿತು. ಜಿನಾಗಮವು ಅದೇ ಪದವನ್ನು ಮನಸ್ಸಿನಲ್ಲಿ ನಾಟಿ ನೋಯಿಸುವುದಕ್ಕೂ ಬಳಸಿತು. 2020ರ ಮಹಾಮಾರಿಯಲ್ಲಿ ಈ ಎರಡು ಶಲ್ಯಗಳೂ ಒಂದೇ ಹಾಸಿಗೆಯಲ್ಲಿ ಕೂಡಿದವು.

ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡುವಂತೆ ಕೇಂದ್ರ ಸರಕಾರವು ಮಾರ್ಚ್ ತಿಂಗಳಲ್ಲಿ ಸೂಚಿಸಿತು. ದಿನ ಗೊತ್ತಾಗಿದ್ದ ರೋಗಿಗೆ ದಿನವೇ ಇಲ್ಲದಾಯಿತು. ಬಸ್ಸುಗಳು ನಿಂತು, ಕಾಪು ಕಾರ್ಕಳದವರಿಗೆ ಮಣಿಪಾಲವೂ ದೂರದೂರಾಯಿತು. ಉಡುಪಿಯ ಡಾ. ಟಿ.ಎಂ.ಎ. ಪೈ ಆಸ್ಪತ್ರೆ ಕೋವಿಡ್ ಚಿಕಿತ್ಸೆಗೇ ಮೀಸಲಾಯಿತು. ಶಸ್ತ್ರಚಿಕಿತ್ಸೆ ದೊರೆತವರಿಗೂ ಮೊದಲು ಗಂಟಲುದ್ರವದ ಪರೀಕ್ಷೆ, ಫಲಿತಾಂಶದ ಕಾಯುವಿಕೆ. ಬಂಧುಗಳು ಬಳಿಯಿಲ್ಲ, ಕವಚ ತೊಟ್ಟ ದಾದಿಯ ಮುಖವೂ ಕಾಣದು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ಹೇಳುತ್ತದೆ: ಬೇಡವಾದುದು ಬಂದು ಸೇರುವುದು, ಬೇಕಾದವರು ಅಗಲುವುದು, ವೇದನೆ, ಮುಂದಿನ ಭೋಗದ ಹಂಬಲ. ಕೊನೆಯದನ್ನು ಬಿಟ್ಟು ಉಳಿದ ಮೂರೂ ಆ ವಾರ್ಡುಗಳಲ್ಲಿದ್ದವು. ಸಾಧಕನು ಇದನ್ನು ಗೆಲ್ಲಬೇಕೆಂಬುದು ಸರಿಯೇ. ಆದರೆ ಹೊಲಿಗೆಯ ನೋವಿನಲ್ಲಿ ನಿದ್ರೆಗೆಟ್ಟವನಿಗೆ ಆರೋಗ್ಯವಂತನೊಬ್ಬನು, ಎಲ್ಲವೂ ಕರ್ಮಫಲ, ಜೀವವು ಒಂಟಿಯೇ ಎಂದು ದೂರವಾಣಿಯಲ್ಲಿ ಬೋಧಿಸುವುದು ಯಾವ ಧರ್ಮ? ಏಕತ್ವಭಾವನೆಯು ತನ್ನ ಬಗೆಗೆ ತಾನೇ ಮಾಡಿಕೊಳ್ಳಬೇಕಾದ ಚಿಂತನೆ. ಪರರನ್ನು ಒಂಟಿಯಾಗಿ ಬಿಡಲು ಅದು ಅನುಮತಿ ಕೊಡುವುದಿಲ್ಲ. ಅದೇ ಅಧ್ಯಾಯವು ವೈಯಾವೃತ್ಯವನ್ನು ಅಂತರಂಗ ತಪಸ್ಸಿನಲ್ಲಿ ಎಣಿಸಿದೆ. ಅಲ್ಲಿ ರೋಗಿಯೆಂದರೆ ಮುನಿಯೇ, ನಿಜ; ಗೃಹಸ್ಥನ ಪಾಲಿಗೆ ಔಷಧದಾನದ ಜೊತೆ ಅಭಯದಾನವೂ ಇದೆ.

ಕಾರ್ಕಳದ ಬೆಟ್ಟದಲ್ಲಿ 1432ರಿಂದ ನಿಂತಿರುವ 42 ಅಡಿಯ ಬಾಹುಬಲಿಯನ್ನು ನೋಡಬೇಕು. ಬಳ್ಳಿ ಹಬ್ಬಿ ಹುತ್ತ ಬೆಳೆದರೂ ಆ ದೇಹ ಅಲುಗಲಿಲ್ಲ. ವರ್ಷ ಕಳೆಯುತ್ತ ಬಂದರೂ ಕೇವಲಜ್ಞಾನ ದೊರೆಯಲಿಲ್ಲ. ನಿಂತ ನೆಲ ಅಣ್ಣನದೆಂಬ ಶಲ್ಯವೊಂದು ಉಳಿದಿತ್ತೆಂದು ಈ ನಾಡಿನ ಭಕ್ತರು ಹೇಳುತ್ತಾರೆ. ಭರತನೇ ಬಂದು, ಎದುರಿಗೆ ನಿಂತು, ನಮಸ್ಕರಿಸಿದ ಮೇಲೆ ಅದು ಕಳಚಿತು. ಅಂತಹ ಯೋಗಿಗೂ ಒಬ್ಬರು ಬಳಿಗೆ ಬರಬೇಕಾಯಿತು!

ಆಗ ಬಾಗಿಲು ಮುಚ್ಚಿದ್ದುದರಿಂದ ಬರಲಾರದವರು ಬರಲಿಲ್ಲ, ಅವರದು ತಪ್ಪಲ್ಲ. ಈಗ ಬಾಗಿಲು ತೆರೆದಿದೆ. ಗಾಯ ಮಾಗಿದ ಮೇಲೂ ಆ ದಿನಗಳ ಭಯ ಬಿಡದವರನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಲು ಕುಟುಂಬಗಳು ನಾಚುತ್ತಿವೆ, ಬಸದಿಯಲ್ಲಿ ಶಾಂತಿಧಾರೆ ಮಾಡಿಸಿದರೆ ಸಾಕೆಂದುಕೊಳ್ಳುತ್ತಿವೆ. ಶಾಂತಿಧಾರೆ ನಡೆಯಲಿ. ಮರುದಿನ ಬೆಳಗಿನ ಬಸ್ಸಿಗೆ ಆ ರೋಗಿಯ ಜೊತೆ ಮನೆಯವರೊಬ್ಬರು ಹೊರಡಲಿ.