ಮನೆವಾರ್ತೆ: ಒಂದೇ ಕೋಣೆ ತಣ್ಣಗಿದ್ದರೆ

ನಮ್ಮ ಬಂಧುಗಳು ನೆಲೆಸಿರುವ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಅನೇಕ ಮನೆಗಳನ್ನು ಬಾಯ್ಲರಿನ ಬಿಸಿನೀರು ಬೆಚ್ಚಗಿಡುತ್ತದೆ. ಮನೆಯ ಒಂದೊಂದು ಭಾಗಕ್ಕೆ ನೀರು ಬಿಡುವ ವಿದ್ಯುತ್ ಕವಾಟವೇ ಜೋನ್ ವಾಲ್ವ್. ಒಂದೇ ಭಾಗ ತಣ್ಣಗಿದ್ದರೆ ಬಾಯ್ಲರನ್ನು ದೂರದಿರಿ. ಅಲ್ಲಿನ ಥರ್ಮೋಸ್ಟಾಟನ್ನು ಏರಿಸಿ, ತುಸು ಹೊತ್ತಿನ ಬಳಿಕ ವಾಲ್ವಿನ ಎರಡೂ ಬದಿಯ ಕೊಳವೆಗಳನ್ನು ಎಚ್ಚರದಿಂದ ಮುಟ್ಟಿ ನೋಡಿರಿ. ಒಂದು ಬದಿ ಬಿಸಿ, ಇನ್ನೊಂದು ತಣ್ಣಗಿದ್ದರೆ ವಾಲ್ವ್ ತೆರೆದಿರಲಾರದು. ಬಲ್ಲವರಿಂದ ವಿದ್ಯುತ್ತನ್ನು ಅಳೆಯಿಸಿರಿ. 24 ವೋಲ್ಟ್ ಬಂದೂ ತೆರೆಯದಿದ್ದರೆ ದೋಷ ವಾಲ್ವಿನದು; ಬಾರದಿದ್ದರೆ ಥರ್ಮೋಸ್ಟಾಟ್, ತಂತಿ ಇಲ್ಲವೆ ಟ್ರಾನ್ಸ್‌ಫಾರ್ಮರಿನದು. ಹೊಸದನ್ನು ಕೊಳ್ಳುವಾಗ, ನೀರು ಬಸಿಯದೆ ಮೋಟಾರು ಬದಲಿಸಬಹುದಾದ, ಕೈಯಿಂದಲೂ ತೆರೆಯಬಹುದಾದ ವಾಲ್ವನ್ನೇ ಆರಿಸಿರಿ. ಕೊರೆಯುವ ರಾತ್ರಿ ಮೋಟಾರು ಕೆಟ್ಟರೂ, ಕೈಯಿಂದ ತೆರೆದು ಬಿಸಿನೀರು ಹರಿಯಿಸಿದರೆ ಕೊಳವೆ ಹೆಪ್ಪುಗಟ್ಟಿ ಒಡೆಯುವುದು ತಪ್ಪೀತು.