ಕೊಡೋಕೆ ನಾವು ಬೇಕು, ನೋಡೋಕೆ ಪರಿಚಯ ಪತ್ರ ಬೇಕು!

ಮೊನ್ನೆ ಕೊಳ್ಳೇಗಾಲಕ್ಕೆ ಹೋದಾಗ ಒಂದು ಕರಪತ್ರ ಕೈಗೆ ಸಿಕ್ತು. ಸಾರ್ವಜನಿಕರು ಸಹಭಾಗಿಗಳಾಗಬೇಕಂತೆ. ಮನೆಯಲ್ಲಿರೋ ಓಲೆಗರಿ, ಹಳೇ ಫೋಟೋ, ಕಾಗದಪತ್ರ ಕೊಟ್ಟು ಪರಂಪರೆ ಉಳಿಸಬೇಕಂತೆ. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಯಾಕೆ ಅಂತ ಹೇಳ್ತೀನಿ ಕೇಳಿ.

ಯಳಂದೂರು ಕಡೆ ನಮ್ಮ ಹಳ್ಳಿ ಮನೆಯಲ್ಲಿ ಓಲೆಗರಿಯ ಒಂದು ಕಟ್ಟಿತ್ತು. ನಾಟಿ ವೈದ್ಯದ್ದು. ನಾನು ಸ್ಕೂಲಲ್ಲಿದ್ದಾಗ ಜೀಪಿನಲ್ಲಿ ಬಂದವರೊಬ್ಬರು ದೊಡ್ಡಪ್ಪನಿಂದ ಅದನ್ನ ತಗೊಂಡು ಹೋದರು. ರಸೀದಿ ಇಲ್ಲ, ಒಂದು ನಮಸ್ಕಾರ ಅಷ್ಟೇ. ಎರಡು ವರ್ಷದ ಹಿಂದೆ ಪತ್ತೆ ಹಚ್ಚಿಕೊಂಡು ಆ ಸಂಸ್ಥೆಗೆ ಹೋದೆ (ಕರಪತ್ರದ ಸಂಸ್ಥೆ ಅಲ್ಲ, ಬೇರೆ. ಹೆಸರು ಬೇಡ ಬಿಡಿ). ನೋಡಬೇಕಾದರೆ ವಿಶ್ವವಿದ್ಯಾಲಯದಿಂದ ಪರಿಚಯ ಪತ್ರ ತನ್ನಿ ಅಂದರು. ನಮ್ಮ ಮನೆ ಗರಿ ನೋಡೋಕೆ ನನಗೆ ಪರಿಚಯ ಪತ್ರ!

ಕೊನೆಗೆ ಸೂಚಿಯನ್ನಷ್ಟೇ ತೋರಿಸಿದರು. "ವೈದ್ಯ. ಅಪೂರ್ಣ" ಅಂತಿತ್ತು. ಕೊಟ್ಟವರ ಕಾಲಂ ಖಾಲಿ. ತಮಾಷೆ ಏನು ಗೊತ್ತಾ? ಆ ಕಟ್ಟಿನ ಮೂರು ಗರಿ ಇವತ್ತಿಗೂ ನಮ್ಮ ದೇವರ ಗೂಡಿನಲ್ಲಿವೆ. ಅಜ್ಜಿ ಎತ್ತಿಟ್ಟಿದ್ದಳು. ಜೀಪಿನವರು ಕೇಳಲಿಲ್ಲ, ದೊಡ್ಡಪ್ಪನಿಗೂ ನೆನಪಾಗಲಿಲ್ಲ. ಇದನ್ನ ಹೇಳಿದರೆ "ಸೂಚಿ ಆಗಲೇ ಪ್ರಿಂಟ್ ಆಗಿದೆ, ಈಗೇನೂ ಮಾಡಕ್ಕಾಗಲ್ಲ" ಅಂದರು. ಊರಿಗೆ ಬಂದು ಹೇಳಿದರೆ ದೊಡ್ಡಪ್ಪ, "ಕೊಟ್ಟಿದ್ದು ಕೊಟ್ಟಾಯ್ತು, ಇನ್ನೇನ್ ಕೇಳೀಯೆ ಬುಡ್ಲಾ" ಅಂದ. ಎಂಬತ್ತು ದಾಟಿದೆ ಅವನಿಗೆ. ಆ ಗರಿ ಓದೋಕೆ ಮನೆಯಲ್ಲಿ ಬರೋದು ಅವನೊಬ್ಬನಿಗೇ.

"ಮನೇಲಿದ್ದಿದ್ರೆ ಗೆದ್ದಲು ತಿಂತಿತ್ತು" ಅಂತ ನೀವನ್ನಬಹುದು. ನಿಜ. ಗೆದ್ದಲಿಂದ ಉಳಿಸಿದ್ದಕ್ಕೆ ದೊಡ್ಡ ನಮಸ್ಕಾರ. ಆದರೆ ಉಳಿದಿದ್ದು ಗರಿ ಮಾತ್ರ, ದೊಡ್ಡಪ್ಪನ ತಲೆಯಲ್ಲಿರೋದಲ್ಲ. ನಮ್ಮನ್ನ ಕರೆಯೋದು ಕೊಡುವವರು ಅಂತ, ಬಲ್ಲವರು ಅಂತ ಅಲ್ಲ. ನನ್ನ ತಕರಾರು ಇದೊಂದೇ.

ಇದು ಹೊಸ ರೋಗವೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಮೈಸೂರಲ್ಲಿ ಸಿಕ್ಕಿತು ಅಂತ ಎದೆ ಉಬ್ಬಿಸ್ತೀವಿ. 1905ರಲ್ಲಿ ಅದನ್ನ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಶಾಮಾಶಾಸ್ತ್ರಿಗಳ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದ್ದೇ. ಆದರೆ ಆ ಓಲೆಗರಿಯನ್ನ ಗ್ರಂಥಾಲಯಕ್ಕೆ ತಂದು ಕೊಟ್ಟವರು? "ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು". ಚರಿತ್ರೆಯಲ್ಲಿ ಅವರ ವಿಳಾಸ ಅಷ್ಟೇ.

ಶಾಸನಗಳ ಕಥೆ ನೋಡಿ. 1898ರ ರೈಸ್ ಸಾಹೇಬರ ಸಂಪುಟದಲ್ಲಿ ಯಳಂದೂರಿದೆ, ಪಕ್ಕದ ಕೊಳ್ಳೇಗಾಲ ಇಲ್ಲ. ಯಾಕಂದ್ರೆ ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದು ಈ ಕಡೆ ಸೇರಿದ್ದು 1956ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ನಾಲ್ಕನೇ ಸಂಪುಟದಲ್ಲಿ ಎರಡೂ ತಾಲ್ಲೂಕು ಒಟ್ಟಿಗೆ ಬಂದವು. ದೊಡ್ಡ ಕೆಲಸ, ಅನುಮಾನವೇ ಇಲ್ಲ. ಕಲ್ಲು ಎಲ್ಲಿದೆ ಅಂತ ಬರೆದಿದ್ದಾರೆ. ಮುಳ್ಳು ಸರಿಸಿ "ಇಲ್ಲೈತೆ ಬನ್ನಿ ಬುದ್ದಿ" ಅಂದ ರೈತನ ಹೆಸರು ಹುಡುಕಿ ನೋಡಿ, ಸಿಕ್ಕರೆ ನಿಮ್ಮ ಪುಣ್ಯ.

ಆಗಲ್ಲ ಅನ್ನಬೇಡಿ, ಮಾಡಿದವರಿದ್ದಾರೆ. ಈಗ ಹನೂರು ತಾಲ್ಲೂಕಿಗೆ ಸೇರಿರೋ ಬೆಟ್ಟದ ನಮ್ಮ ಮಾದಪ್ಪನ ಕಾವ್ಯ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೆ ಬಂತಲ್ಲ, ಅದರಲ್ಲಿ ಸಂಗ್ರಹಿಸಿದವರ, ಅನುವಾದಿಸಿದವರ ಜೊತೆ ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರೂ ಇದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ 2008ರಿಂದ ಹಳೇ ಪತ್ರಿಕೆಗಳಲ್ಲಿ ಯಂತ್ರ ತಪ್ಪಾಗಿ ಓದಿದ್ದನ್ನ ಓದುಗರ ಕೈಲೇ ತಿದ್ದಿಸ್ತಿದೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರೂರು ತಿರುಗಿ ಶಾಸನಗಳನ್ನ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗೋ ಹಾಗೆ ಅಂತರ್ಜಾಲಕ್ಕೆ ಹಾಕ್ತಿದ್ದಾರೆ. ಕಲ್ಲು ಊರಲ್ಲೇ ಇರುತ್ತೆ, ಅಕ್ಷರ ಎಲ್ಲರದೂ ಆಗುತ್ತೆ.

ನಾನು ಕೇಳೋದು ಮೂರೇ. ಒಂದು, ಕೊಟ್ಟವರಿಗೆ ರಸೀದಿ, ಸೂಚಿಯಲ್ಲಿ ಅವರ ಹೆಸರು. ಎರಡು, ತಗೊಂಡಿದ್ದರ ಒಂದು ಪ್ರತಿ ಆ ತಾಲ್ಲೂಕಿನ ಲೈಬ್ರರಿಗೆ ವಾಪಸ್. ಮೂರು, ಸೂಚಿಯಲ್ಲಿ ತಪ್ಪಿದ್ದರೆ ಊರವರು ಹೇಳಿದ್ದನ್ನ, ಹೇಳಿದವರ ಹೆಸರಿನ ಸಮೇತ ಸೇರಿಸೋದು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಒಂದು ರಿಜಿಸ್ಟರು, ಒಂದು ಸ್ಕ್ಯಾನರು, ಸ್ವಲ್ಪ ಮರ್ಯಾದೆ ಸಾಕು.

ಅಲ್ಲೀವರೆಗೆ ಆ ಮೂರು ಗರಿ ದೇವರ ಗೂಡಲ್ಲೇ ಇರುತ್ತವೆ. ಹಟ ಅಂದ್ಕೊಳ್ಳಿ ಬೇಕಾದ್ರೆ. ಈ ಭಾನುವಾರ ಊರಿಗೆ ಹೋಗ್ತಿದ್ದೀನಿ, ದೊಡ್ಡಪ್ಪನ ಕೈಲಿ ಅವನ್ನ ಓದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೋಬೇಕು. ನಿಮ್ಮ ಮನೆಯಿಂದಲೂ ಹೀಗೆ ಏನಾದ್ರೂ ಹೋಗಿದೆಯಾ? ಹೋಗಿದ್ರೆ ಹೇಳಿ. ಅದನ್ನ ಓದಬಲ್ಲವರು ಇನ್ನೂ ಇದ್ದರೆ, ಮೊದಲು ಅವರ ಹತ್ರ ಹೋಗಿ ಕೂತ್ಕೊಳ್ಳಿ.