ಕಲ್ಲು ಎಲ್ಲಿದೆ, ಓದಿದವರು ಯಾರು

ತಾಲ್ಲೂಕು ಸಾಹಿತ್ಯ ಸಮ್ಮೇಳನ ನಡೆದ ಕಡೆಯೆಲ್ಲ ಒಂದು ಸ್ಮರಣ ಸಂಚಿಕೆ ಬರುತ್ತದೆ. ಸ್ಥಳೀಯ ಅಧ್ಯಾಪಕರು, ಹವ್ಯಾಸಿ ಸಂಶೋಧಕರು ಕೈಯಿಂದ ಖರ್ಚು ಹಾಕಿಕೊಂಡು ಊರೂರು ಅಲೆದು ಕಲೆಹಾಕಿದ ಚರಿತ್ರೆಯ ವಿವರಗಳು ಅದರಲ್ಲಿ ಇದ್ದೇ ಇರುತ್ತವೆ. ಆದರೆ ಎಷ್ಟೋ ಬಾರಿ ‘ಊರ ಹೊರಗೆ ಪುರಾತನ ಶಾಸನವೊಂದಿದೆ’ ಎಂಬಲ್ಲಿಗೇ ಮಾತು ನಿಂತುಬಿಡುತ್ತದೆ. ಯಾವ ದಿಕ್ಕಿಗೆ? ಅದನ್ನು ಓದಿದವರು ಯಾರು? ಹಿಂದೆ ಎಲ್ಲಾದರೂ ಅಚ್ಚಾಗಿದೆಯೆ? ಅಷ್ಟು ದುಡಿಮೆಯೂ ಮುಂದೆ ಹುಡುಕಿಕೊಂಡು ಹೋಗುವವರಿಗೆ ಒದಗದೆ ಹೋಗುತ್ತದಲ್ಲ ಎಂಬ ಸಂಕಟ ನಮ್ಮದು.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು ಇಂಥ ಸಂಚಿಕೆಗಳ ಸಂಪಾದಕರು ಒಮ್ಮೆ ಮುಂದಿಟ್ಟುಕೊಂಡು ನೋಡಬೇಕು. 1886ರಿಂದ 1905ರವರೆಗೆ ಬಂದ ಆ 12 ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಸುಮಾರು 9,000 ಶಾಸನಗಳಿವೆ. ಹಳ್ಳಿಗಳಿಗೆ ಹೋಗಿ ಅಕ್ಷರ ಇಳಿಸಿಕೊಂಡು ಬಂದ ಪಂಡಿತರ ಶ್ರಮವೂ ಅದರಲ್ಲಿದೆ. ರೈಸ್ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಒಂದೊಂದಕ್ಕೂ ತಾಲ್ಲೂಕಿನ ಸಂಕ್ಷೇಪದೊಡನೆ ಸಂಖ್ಯೆ ಕೊಟ್ಟು, ಕಲ್ಲು ಇಂಥ ಊರಿನಲ್ಲಿ, ಇಂಥ ಗುಡಿಯ ಬಳಿ, ಇಂಥ ಹೊಲದಲ್ಲಿ ಇದೆ ಎಂದು ಪಾಠದ ನೆತ್ತಿಯ ಮೇಲೇ ಬರೆದರು. ಬೆಂಗಳೂರು ನುಂಗಿದ ಹಳ್ಳಿಗಳಲ್ಲಿ ವೀರಗಲ್ಲು ಹುಡುಕುವವರು ಇಂದಿಗೂ 9ನೇ ಸಂಪುಟವನ್ನು ನೋಡಿಕೊಂಡೇ ಹೊರಡುತ್ತಾರೆ. ರಸ್ತೆ, ಬಡಾವಣೆಗಳ ಅಡಿಯಲ್ಲಿ ಕಾಣೆಯಾದ ಕಲ್ಲುಗಳು ಅನೇಕ. ಅವುಗಳ ಪಾಠವೂ ಅವು ನಿಂತಿದ್ದ ಜಾಗವೂ ನಮಗೆ ತಿಳಿದಿರುವುದು ಆ ಪುಸ್ತಕದಿಂದ.

ಶಾಸನವೊಂದೇ ಆಕರವಲ್ಲ. 1799ರ ನಂತರ ಮೈಸೂರಿನ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ತನ್ನ ದೇಶೀಯ ಸಹಾಯಕರಿಂದ ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ವೃತ್ತಾಂತಗಳನ್ನು, ಸಂಗ್ರಹಿಸಿದ. ಅವುಗಳಲ್ಲಿ ಐತಿಹ್ಯವಿದೆ, ಮನೆತನದ ಹೆಮ್ಮೆಯಿದೆ, ಬೇರೆಲ್ಲೂ ಸಿಗದ ಕೆರೆಕಟ್ಟೆಗಳ ಸಂಗತಿಯೂ ಇದೆ. ಬಿಸಾಡಬಾರದು. ‘ಕೈಫಿಯತ್ತಿನ ಪ್ರಕಾರ’ ಎಂದು ಸ್ಪಷ್ಟವಾಗಿ ಗುರುತಿಸಿ ಶಾಸನದ ಪಕ್ಕದಲ್ಲೇ ಇಟ್ಟರೆ ತೂಗಿ ನೋಡುವ ಕೆಲಸವನ್ನು ಓದುಗರು ಮಾಡುತ್ತಾರೆ. ಎರಡನ್ನೂ ಕಲಸಿ ಒಂದೇ ಕಥೆ ಹೇಳುವುದು ಮಾತ್ರ ಚರಿತ್ರೆಗೆ ಮಾಡುವ ಅನ್ಯಾಯ.

ಆಕರಗ್ರಂಥ ಒಮ್ಮೆಗೇ ಪೂರ್ಣವಾಗುವುದೂ ಇಲ್ಲ. ರೈಸ್ ಅವರ ಹಾಸನ ಜಿಲ್ಲೆಯ ಸಂಪುಟ ಬಂದು ಮೂರು ದಶಕ ಕಳೆದ ಮೇಲೆ, 1936ರಲ್ಲಿ, ಎಂ.ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದನ್ನು ಗುರುತಿಸಿದರು. ಆದ್ದರಿಂದಲೇ ಅನುಬಂಧಕ್ಕೆ ಜಾಗ ಬೇಕು. ಪದಸೂಚಿಯಂತೂ ಬೇಕೇ ಬೇಕು. ಪುಟಗಳು ಹೆಚ್ಚುತ್ತವೆಂದು ಬಿಡುವುದಾದರೆ ಗಣ್ಯರ ಶುಭಾಶಯಗಳನ್ನು ಬಿಡಬಹುದು.

ನಮ್ಮ ಮುಂದಿನ ಸಂಚಿಕೆಯಿಂದ ತಾಲ್ಲೂಕು ಚರಿತ್ರೆಗೆಂದೇ ಕೆಲವು ಪುಟಗಳನ್ನು ಮೀಸಲಿಡುತ್ತಿದ್ದೇವೆ. ಬರಹ ಕಳಿಸುವವರು ಊರಿನ ಈಗಿನ ಮತ್ತು ಹಳೆಯ ಹೆಸರು, ಕಲ್ಲು ಇರುವ ಸರ್ವೆ ನಂಬರು, ನೋಡಿದ ದಿನಾಂಕ, ಮಾಹಿತಿ ಹೇಳಿದವರ ಒಪ್ಪಿಗೆ, ಇಷ್ಟನ್ನು ಜೊತೆಗೆ ಬರೆದು ಕಳಿಸಬೇಕು. ಫೋಟೊ ತೆಗೆಯಲು ಕಲ್ಲಿಗೆ ಸುಣ್ಣ, ಬಣ್ಣ ಬಳಿಯಬೇಡಿ.